ಕಾಲಿಗೆ ಕಟ್ಟಿದ ಮೊಟ್ಟೆ

ನಾನು ಕಾರು ಓಡಿಸುವುದನ್ನು ಕಲಿಸುತ್ತೇನೆ. ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಪಕ್ಕದಲ್ಲಿ ಕೂತ ನನ್ನ ಕಾಲ ಕೆಳಗೆ ಇನ್ನೊಂದು. ಅವರು ಒತ್ತಲು ಮರೆತಾಗ ನಾನು ಒತ್ತುತ್ತೇನೆ. ವರ್ಷಗಟ್ಟಲೆ ಹೀಗೆ ಒತ್ತಿ ಒತ್ತಿ ಈಗ ಮನೆಯಲ್ಲೂ ಅದೇ ಚಾಳಿ. ಮಗಳು ನೀರಿನ ಲೋಟವನ್ನು ಮೇಜಿನ ಅಂಚಿಗೆ ಇಟ್ಟರೆ ಸಾಕು, ನನ್ನ ಬಲಗಾಲು ತನ್ನಷ್ಟಕ್ಕೆ ನೆಲ ಒತ್ತುತ್ತದೆ. ಲೋಟ ಬೀಳುವುದು ಬೀಳುತ್ತದೆ.

ಕಾಲಿನ ಜೊತೆಗೆ ನನಗೆ ಬಾಯಿಯೂ ಇದೆ. ಅದರ ಬಗ್ಗೆ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಹತ್ತಿರ ಕಲಿತವರು ಲೈಸೆನ್ಸ್ ಪರೀಕ್ಷೆಗೆ ಹೆದರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೇನು ಕೇಳಲಿಕ್ಕಿದೆ ಎಂಬ ಧೈರ್ಯ. ಮದುವೆಯಾದಂದಿನಿಂದ ನಮ್ಮ ಮನೆಯವರಿಗೂ ಬೈಯುತ್ತಲೇ ಬಂದಿದ್ದೆ. ಅವರು ದರ್ಜಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡಿ ಅಭ್ಯಾಸವಾದವರು, ಎದುರು ಮಾತಾಡುವ ಪ್ರಶ್ನೆಯೇ ಇಲ್ಲ. ಹೀಗೆ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಹೋದ ಚಳಿಗಾಲದ ಕೊನೆಯಲ್ಲಿ ಇವರಿಗೆ ಎದೆನೋವು ಬಂತು. ಹೊಲಿದ ಕೋಟೊಂದನ್ನು ಗಿರಾಕಿಯ ಮನೆಗೆ ತಲುಪಿಸಲು ನಡೆದು ಹೋಗುತ್ತಿದ್ದವರು ರಸ್ತೆ ಬದಿಯಲ್ಲಿ ಕುಸಿದು ಕೂತರು. ಕೋಟಿಗೆ ಧೂಳಾಗಬಾರದೆಂದು ಅದನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಹೃದಯದ ಡಾಕ್ಟರು ಇವರಿಗೆ ಒಂದು ಮಾತು, ನನಗೆ ಒಂದು ಮಾತು ಹೇಳಿದರು. ಇವರಿಗೆ ಹೇಳಿದ್ದು, "ಮಾತ್ರೆಗಿಂತ ನಡಿಗೆ ಮುಖ್ಯ. ದಿನಾ ನಡೀಬೇಕು. ನಡೀದೆ ಕೂತ್ರೆ ಮತ್ತೆ ಇಲ್ಲಿಗೇ ಬರ್ತೀರಿ, ಆಗ ನಾನೇನೂ ಹೇಳೋಕಾಗಲ್ಲ." ನನಗೆ ಹೇಳಿದ್ದು, "ಮನೇಲಿ ಇವರಿಗೆ ಟೆನ್ಷನ್ ಕೊಡ್ಬೇಡಿ. ಕೂಗಾಟ ಗೀಗಾಟ ಇದ್ರೆ ಇವತ್ತಿಗೇ ಕೊನೆ." ನಾನು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಮುಖ ನೋಡಿಯೇ ತಿಳಿದುಕೊಂಡರೆಂದು ಕಾಣುತ್ತದೆ.

ಅಂದಿನಿಂದ ಬಾಯಿಗೆ ಬೀಗ ಹಾಕಿದೆ. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿದ್ದರೆ ನಾನೇ ಎತ್ತಿ ಹರವಿದೆ. ಮಾತು ಗಂಟಲಿಗೆ ಬಂದಾಗಲೆಲ್ಲ ಕಾಲಿನಿಂದ ನೆಲ ಒತ್ತಿದೆ. ಮನೆ ಎಷ್ಟು ಸದ್ದಡಗಿತೆಂದರೆ, ಫ್ರಿಜ್ಜು ಆಗಾಗ ಗುರ್ರೆನ್ನುತ್ತದೆ ಎಂಬುದು ನಮಗೆ ಆಗಲೇ ಗೊತ್ತಾದದ್ದು. ಯಾರೋ ಒಬ್ಬರು ನಾವು ಮನೆ ಖಾಲಿ ಮಾಡಿದ್ದೇವೆಂದು ತಿಳಿದು ಬಾಡಿಗೆ ವಿಚಾರಿಸಲು ಬಂದಿದ್ದರು.

ನಾನು ಡಾಕ್ಟರ ಮಾತು ಕೇಳಿದೆ, ಇವರು ಕೇಳಲಿಲ್ಲ. ಒಂದು ದಿನ ಮಂಡಿನೋವು, ಒಂದು ದಿನ ಬಿಸಿಲು, ಒಂದು ದಿನ ಅರ್ಜೆಂಟ್ ಪ್ಯಾಂಟು. ನಡೆಯಲು ಸುತರಾಂ ಒಪ್ಪಲಿಲ್ಲ. ಕೊನೆಗೆ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಪ್ಪನ ಮೊಬೈಲಿಗೆ ಆ ಪ್ರಾಣಿ ಹಿಡಿಯುವ ಆಟವನ್ನು ಹಾಕಿಕೊಟ್ಟಳು. ಅದರಲ್ಲಿ ನಮ್ಮದೇ ಬೀದಿಗಳ ನಕ್ಷೆ ಇರುತ್ತದೆ. ಮೂಲೆಮೂಲೆಯಲ್ಲಿ ಯಾವ ತಾಯಿಯೂ ಹೆತ್ತಿರಲಾರದಂಥ ಪ್ರಾಣಿಗಳು ನಿಂತಿರುತ್ತವೆ. ಹತ್ತಿರ ಹೋಗಿ ಬಲೆ ಎಸೆದು ಹಿಡಿದು ಚೀಲಕ್ಕೆ ಹಾಕಿಕೊಳ್ಳಬೇಕು. ಮೊಟ್ಟೆಗಳೂ ಸಿಗುತ್ತವೆ. ಮೊಟ್ಟೆ ಒಡೆದು ಮರಿ ಆಗಬೇಕಾದರೆ ನಡೆಯಬೇಕು, ಕೂತರೆ ಆಗುವುದಿಲ್ಲ. ಕೋಳಿಗೂ ಈ ಆಟಕ್ಕೂ ಇರುವ ವ್ಯತ್ಯಾಸ ಅಷ್ಟೇ.

ನಂಬುತ್ತೀರೋ ಇಲ್ಲವೋ, ಅದು ನಾಟಿತು. ಇವರು ಬೆಳಗಾಗುತ್ತಲೇ ಹೊಸ ಬೂಟು ಹಾಕಿಕೊಂಡು ಮನೆ ಬಿಡತೊಡಗಿದರು. ಸಂಜೆಯೂ ಅಷ್ಟೇ. ದಿನಕ್ಕೊಂದು ಮೊಟ್ಟೆ ಒಡೆಯಿತು, ಆಮೇಲೆ ಎರಡು, ಆಮೇಲೆ ಲೆಕ್ಕ ತಪ್ಪಿತು. ಆಟ ತೋರಿಸುವ ನಡಿಗೆಯ ದೂರ ನೋಡಿದರೆ ಈ ಮನುಷ್ಯ ಇಷ್ಟರಲ್ಲಿ ಸಮುದ್ರ ಮುಟ್ಟಬೇಕಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಾರಿನಲ್ಲಿ ಕಲಿಯಲು ಬಂದವರಿಗೆಲ್ಲ ಹೇಳಿದೆ. ಗೇರು ಬದಲಿಸುವುದಕ್ಕಿಂತ ನಮ್ಮ ಮನೆಯವರ ನಡಿಗೆಯ ಬಗ್ಗೆಯೇ ಅವರು ಹೆಚ್ಚು ಕಲಿತರು.

ಹಾಗೆ ಕಲಿಯಲು ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಈ ಆಟ ಆಡುವವರದೊಂದು ಗುಂಪು ನಮ್ಮಲ್ಲಿದೆ, ಅದಕ್ಕೆ ಆ ಡಾಕ್ಟರೇ ಮುಖಂಡರು, ನಡಿಗೆಯಲ್ಲೂ ಅವರೇ ಮೊದಲು. ಅಂದರೆ ನಮ್ಮ ಮನೆಯವರು ಬರುವತನಕ. ಹಲ್ಲಿನ ಡಾಕ್ಟರು ಒಂದು ಸಂಜೆ ಮನೆಗೇ ಬಂದು ಇವರ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಮೊಟ್ಟೆ ಇಷ್ಟೊಂದು ಒಡೆದಿದೀರಿ ಸಾರ್, ಆದ್ರೆ ಹಿಡಿದಿದ್ದು ಕಮ್ಮಿ. ಇರೋದೂ ಎಲ್ಲಾ ಅದೇ ನಾಲ್ಕೈದು ಜಾತಿ. ಯಾಕೆ?"

"ನಡೆಯುವಾಗ ನಾನು ಫೋನ್ ನೋಡಲ್ಲ," ಎಂದರು ನಮ್ಮ ಮನೆಯವರು. "ನಡೆಯೋದಂದ್ರೆ ನಡೆಯೋದು."

ಹಲ್ಲಿನ ಡಾಕ್ಟರು ಆ ಶಿಸ್ತಿಗೆ ತಲೆದೂಗಿದರು. ನಾನೂ ತಲೆದೂಗಿದೆ. ಬರುವ ಭಾನುವಾರ ಮಧ್ಯಾಹ್ನ ಆಟದಲ್ಲಿ ಬೋನಸ್ ಇದೆ, ಮೂರೇ ಗಂಟೆ ಕಾಲ, ಆಗ ಅರ್ಧ ನಡಿಗೆಗೇ ಮೊಟ್ಟೆ ಒಡೆಯುತ್ತದೆ, ಹಿಡಿದದ್ದಕ್ಕೆಲ್ಲ ಎರಡರಷ್ಟು ಅಂಕ, ಅದಕ್ಕಿಂತ ಮುಖ್ಯವಾಗಿ ಬೇರೆ ಯಾವಾಗಲೂ ಕಾಣಿಸಿಕೊಳ್ಳದ ಒಂದು ನೀಲಿ ಪ್ರಾಣಿ ನೀರಿನ ಟ್ಯಾಂಕಿನ ದಿಬ್ಬದ ಮೇಲೆ ಬರುತ್ತದೆ ಎಂದು ವಿವರಿಸಿದರು. "ದಿಬ್ಬ ಹತ್ತುವಾಗ ಎಲ್ಲರಿಗೂ ದಾರಿ ತೋರಿಸೋಕೆ ನೀವೇ ಸರಿ ಸಾರ್. ನಿಮ್ಮಷ್ಟು ನಡೆದವರು ನಮ್ಮಲ್ಲಿ ಯಾರೂ ಇಲ್ಲ."

ಇವರು ಬೇಡವೆನ್ನಲು ಬಾಯಿ ತೆರೆದದ್ದು ನನಗೆ ಕಂಡಿತು. ಅಷ್ಟರಲ್ಲಿ ನಾನು, "ಆಗಲಿ ಬಿಡಿ, ಅದಕ್ಕೇನಂತೆ, ಇವರು ಮುಂದೆ ನಡೀತಾರೆ," ಎಂದುಬಿಟ್ಟೆ.

ತಯಾರಿ ಶುರುವಾಯಿತು. ಮಗಳು ಅಪ್ಪನನ್ನು ಊಟದ ಮೇಜಿಗೆ ಕೂರಿಸಿಕೊಂಡು ಮೊಬೈಲ್ ಕೈಗೆ ತೆಗೆದುಕೊಂಡಳು.

"ಅಪ್ಪ, ಮೊಟ್ಟೆ ಒಡೆದ ಮರಿಗಳಿಂದ್ಲೇ ಚೀಲ ತುಂಬಿಹೋಗಿದೆ. ಅರ್ಧಕ್ಕರ್ಧ ಖಾಲಿ ಮಾಡ್ಬೇಕು. ಇಲ್ಲಾಂದ್ರೆ ನೀಲಿ ಬಂದು ಕಾಲು ನೆಕ್ಕಿದ್ರೂ ಹಿಡಿಯೋಕಾಗಲ್ಲ."

"ಯಾರನ್ನ ಬಿಡೋದು?"

"ಕೈಲಾಗದೋರನ್ನೆಲ್ಲ ಬಿಡು. ನೋಡು, ಈ ದಪ್ಪ ಆಮೆ ತರದ್ದು ನಿನ್ನ ಹತ್ರ ನಾಲ್ಕಿದೆ."

"ಅದು ಪೋಸ್ಟ್‌ಮಾಸ್ಟರು. ಸೊಂಟ ನಲವತ್ನಾಲ್ಕು."

"ನಾಲ್ಕೂ ಪೋಸ್ಟ್‌ಮಾಸ್ಟರಾ?"

"ಉಳಿದೋರು ಅವರ ತಮ್ಮಂದಿರು. ಆ ಮನೇಲಿ ಎಲ್ಲರದ್ದೂ ಅದೇ ಅಳತೆ."

ಇವರು ಹಿಡಿದ ಒಂದೊಂದಕ್ಕೂ ಒಬ್ಬೊಬ್ಬ ಗಿರಾಕಿಯ ಹೆಸರಿಟ್ಟಿದ್ದಾರೆಂದು ನಮಗೆ ತಿಳಿದದ್ದೇ ಆಗ. ಕೊಕ್ಕರೆಯಂಥ ಕುತ್ತಿಗೆಯದು ಲೈಬ್ರರಿ ಮೇಡಂ. ಅವರನ್ನು ಬಿಡುವಂತಿಲ್ಲ, ಹೋದ ವಾರವೇ ಎರಡು ಕೋಟು ಹೊಲಿಯಲು ಕೊಟ್ಟಿದ್ದಾರೆ. ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಇರುವ ಕಪ್ಪೆ, ಬ್ಯಾಂಡಿನಲ್ಲಿ ಡೋಲು ಬಾರಿಸುವವರು. ಮಗಳು ತಲೆ ಚಚ್ಚಿಕೊಂಡಳು. ಕೊನೆಗೆ ಒಂದು ಒಪ್ಪಂದವಾಯಿತು. ಹೊಲಿಸುವುದನ್ನು ಬಿಟ್ಟು ರೆಡಿಮೇಡ್ ಹಾಕಿಕೊಳ್ಳತೊಡಗಿದವರನ್ನೆಲ್ಲ ಬಿಟ್ಟುಬಿಡುವುದು. ಒಬ್ಬೊಬ್ಬರನ್ನು ಬಿಡುವಾಗಲೂ ಇವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತು. ಚೀಲ ಅರ್ಧಕ್ಕಿಂತ ಹೆಚ್ಚೇ ಖಾಲಿಯಾಯಿತು.

ಶನಿವಾರ ಬೆಳಿಗ್ಗೆ ಇವರ ಬೂಟು ಬಾಗಿಲ ಬಳಿಯೇ ಇತ್ತು. ಇವತ್ತು ಚಪ್ಪಲಿಯಲ್ಲೇ ನಡೆಯುತ್ತೇನೆ, ನಾಳೆಗೆ ಬೂಟು ಚೊಕ್ಕವಾಗಿರಲಿ ಎಂದು ಹೇಳಿ ಹೋಗಿದ್ದರು. ಇಷ್ಟು ನಡೆದವರ ಬೂಟಿನ ಅಟ್ಟೆ ಸವೆದಿರುತ್ತದೆ, ದಿಬ್ಬದಲ್ಲಿ ಜಾರೀತು ಎಂದು ನಾನು ತಿರುಗಿಸಿ ನೋಡಿದೆ. ಅಟ್ಟೆ ಸವೆದೇ ಇರಲಿಲ್ಲ. ಹಿಮ್ಮಡಿಯ ಮುಂದಿನ ಕುಳಿಯಲ್ಲಿ ಅಂಗಡಿಯವರು ಅಂಟಿಸಿದ ಸೈಜಿನ ಸ್ಟಿಕ್ಕರು ಅಂಟಿಸಿದ ಹಾಗೇ ಇತ್ತು. ಅಂಚು ಒಂದಿಷ್ಟು ಕಪ್ಪಾಗಿತ್ತು. ನಮ್ಮ ಬೀದಿಯ ತುದಿಯಲ್ಲಿರುವ ಹೊಲಿಗೆ ಅಂಗಡಿಗೆ ಹೋಗಿಬಂದರೆ ಎಷ್ಟು ಕಪ್ಪಾಗುತ್ತದೋ ಅಷ್ಟು.

ನಾನು ಬೂಟನ್ನು ಕೆಳಗಿಟ್ಟು ನೇರ ಅಂಗಡಿಗೆ ನಡೆದೆ. ಅರ್ಧ ಬಾಗಿಲು ಎಳೆದಿತ್ತು. ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಇವರದು ಹಳೆಯ ಕಾಲು ಮಿಷನ್ನು, ಮೋಟರು ಹಾಕಿಸಿಕೊಳ್ಳಿ ಎಂದರೆ ಕಿವಿಗೆ ಹಾಕಿಕೊಂಡವರಲ್ಲ. ಬಗ್ಗಿ ನೋಡಿದೆ. ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲದ ಎಲಾಸ್ಟಿಕ್ಕಿನಿಂದ ಮೊಬೈಲನ್ನು ಬಲಗಾಲಿನ ಮೀನಖಂಡಕ್ಕೆ ಬಿಗಿದುಕೊಂಡು ಇವರು ಪೆಡಲ್ ತುಳಿಯುತ್ತಿದ್ದರು. ಪಾದ ಮೇಲೆ, ಪಾದ ಕೆಳಗೆ. ಪ್ರತಿ ತುಳಿತಕ್ಕೂ ಆಟ ಒಂದು ಹೆಜ್ಜೆ ಎಂದುಕೊಳ್ಳುತ್ತಿತ್ತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನೂಲೂ ಇರಲಿಲ್ಲ. ಇವರು ಗೋಡೆಯನ್ನು ನೋಡುತ್ತ, ಖಾಲಿ ಮಿಷನ್ನನ್ನು ಓಡಿಸುತ್ತಿದ್ದರು.

ಸಮುದ್ರ ಮುಟ್ಟಬೇಕಾಗಿದ್ದ ಮನುಷ್ಯ ಸ್ಟೂಲು ಬಿಟ್ಟು ಎದ್ದಿರಲಿಲ್ಲ. ಚೀಲದಲ್ಲಿದ್ದ ಪೋಸ್ಟ್‌ಮಾಸ್ಟರು, ಲೈಬ್ರರಿ ಮೇಡಂ ಎಲ್ಲ ಅಂಗಡಿಯ ಬಾಗಿಲಿಗೆ ತಾವಾಗಿ ಬಂದವರು. ಇಷ್ಟು ತಿಂಗಳು ನಮ್ಮ ಕಣ್ಣಿಗೆ ಮಣ್ಣೆರಚಿ, ಮೊಟ್ಟೆಗಾಗಿ, ಒಂದು ಮೊಬೈಲಿನ ಮೊಟ್ಟೆಗಾಗಿ!

ನನಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಬೈಗುಳ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿತು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ನಾಳೆ ಇವರು ದಿಬ್ಬ ಹತ್ತಬೇಕು, ಅದೂ ನನ್ನ ಬಾಯಿಯಿಂದಾಗಿ. ಈಗ ಕೂಗಿದರೆ ಇಲ್ಲೇ ಏನಾದರೂ ಆದರೆ? ಅಂಗಡಿಯ ಹೊಸ್ತಿಲನ್ನು ಕಾಲಿನಿಂದ ಗಟ್ಟಿಯಾಗಿ ಒತ್ತಿ ನಿಂತೆ. ಆಮೇಲೆ ಸದ್ದಿಲ್ಲದೆ ವಾಪಸು ಬಂದು ಕಾರಿನಲ್ಲಿ ಕೂತು ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ.

"ಇಷ್ಟು ದಿನ ನಡೆದೇ ಇಲ್ಲದವರು ಒಂದು ದಿಬ್ಬ ಹತ್ತಬಹುದಾ ಡಾಕ್ಟ್ರೇ?"

"ಎದೆನೋವು, ತಲೆಸುತ್ತು ಏನಾದ್ರೂ ಇದೆಯಾ?"

"ಇಲ್ಲ. ಹೋದ ತಿಂಗಳು ನೀವೇ ನೋಡಿ ಎಲ್ಲಾ ಸರಿ ಇದೆ ಅಂದ್ರಿ."

"ಏರು ಎಷ್ಟಿದೆ?"

"ಎರಡನೇ ಗೇರಲ್ಲಿ ಹತ್ತುವಷ್ಟು."

ಡಾಕ್ಟರು ಸ್ವಲ್ಪ ಯೋಚಿಸಿದರು. "ನಿಧಾನಕ್ಕೆ ಹತ್ತಲಿ. ಮಾತಾಡ್ತಾ ಹತ್ತಲಿ. ಮಾತಾಡೋಕೆ ಆಗ್ದೇ ಇರೋವಷ್ಟು ಏದುಸಿರು ಬಂದ್ರೆ, ನೋವು ಬಂದ್ರೆ, ಅಲ್ಲೇ ನಿಲ್ಲಿಸಿ ಕರ್ಕೊಂಡು ಬನ್ನಿ. ನೀವು ಜೊತೇಲಿರಿ."

ಅಂದು ಸಂಜೆ ಪವರ್ ಬ್ಯಾಂಕ್ ಚಾರ್ಜಿಗೆ ಹಾಕುತ್ತ ಇವರಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಮಾಡಿಕೊಟ್ಟೆ. "ನಾಳೆ ಬೇಡ ಅನ್ಸಿದ್ರೆ ಹೇಳಿ. ಹೊಟ್ಟೆ ಸರಿ ಇಲ್ಲ ಅಂತ ನಾನೇ ಹೇಳ್ತೀನಿ." ಇವರು ಬೂಟಿನ ಲೇಸನ್ನು ಬಿಚ್ಚಿ ಕಟ್ಟುತ್ತಿದ್ದರು. "ಎಲ್ಲರೂ ಕಾಯ್ತಿರ್ತಾರೆ," ಎಂದರು. ತಲೆ ಎತ್ತಲಿಲ್ಲ. ನಾನು ಮತ್ತೆ ನೆಲ ಒತ್ತಿದೆ.

ಭಾನುವಾರ ದಿಬ್ಬದ ಬುಡದಲ್ಲಿ ಗುಂಪು ಸೇರಿತ್ತು. ಹಲ್ಲಿನ ಡಾಕ್ಟರು ಎಲ್ಲರಿಗೂ ಒಂದೇ ಬಣ್ಣದ ಟೋಪಿ ತಂದಿದ್ದರು. ಒಬ್ಬ ಪ್ಲಂಬರು ಎರಡು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಯುದ್ಧಕ್ಕೆ ಹೊರಟವರಂತೆ ನಿಂತಿದ್ದರು. ಆ ರಸ್ತೆ ನನಗೆ ಚೆನ್ನಾಗಿ ಗೊತ್ತು. ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎತ್ತುವುದನ್ನು ನಾನು ಕಲಿಸುವುದು ಅಲ್ಲಿಯೇ. ಬೋನಸ್ ಶುರುವಾದ ಗಂಟೆ ಎಲ್ಲರ ಮೊಬೈಲಿನಲ್ಲೂ ಒಟ್ಟಿಗೆ ಬಾರಿಸಿತು.

"ನೀವೆಲ್ಲ ಮುಂದೆ ನಡೀರಿ," ಎಂದರು ನಮ್ಮ ಮನೆಯವರು. "ನಾನು ಹಿಂದಿನಿಂದ ಎಲ್ಲರನ್ನೂ ನೋಡ್ಕೋತಾ ಬರ್ತೀನಿ."

"ದೊಡ್ಡೋರು ಅಂದ್ರೆ ಹೀಗಿರ್ಬೇಕು," ಎಂದು ಹಲ್ಲಿನ ಡಾಕ್ಟರು ಟೋಪಿ ಸರಿಮಾಡಿಕೊಂಡು ಹೊರಟರು. ಮಗಳೂ ಅವರ ಜೊತೆ ಓಡಿದಳು. ನಾವಿಬ್ಬರೇ ಉಳಿದೆವು.

ಇವರು ಮೊದಲ ದೀಪದ ಕಂಬದವರೆಗೆ ನಡೆದರು. ಅಲ್ಲಿ ನಿಂತು ಮೊಬೈಲ್ ನೋಡುವವರಂತೆ ನಟಿಸಿದರು. ಎರಡನೇ ಕಂಬದ ಬಳಿ ನಟನೆಯೂ ಆಗಲಿಲ್ಲ. ಕಂಬಕ್ಕೆ ಒಂದು ಕೈ ಕೊಟ್ಟು, ಇನ್ನೊಂದನ್ನು ಎದೆಯ ಮೇಲಿಟ್ಟುಕೊಂಡು ನಿಂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

"ನೋವಾಗ್ತಿದೆಯಾ?"

"ಇಲ್ಲ."

"ಉಸಿರು ಕಟ್ತಿದೆಯಾ?"

"ಇಲ್ಲ ಕಣೇ."

"ಮತ್ತೇನ್ರೀ? ಬನ್ನಿ, ಕಾರು ಅಲ್ಲೇ ಇದೆ, ಆಸ್ಪತ್ರೆಗೆ ಹೋಗೋಣ."

ಇವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಡಾಂಬರಿಗೆ ಹೇಳುವವರಂತೆ ಕೆಳಗೆ ನೋಡುತ್ತ ಹೇಳಿದರು. "ಕೇಳಿಸುತ್ತೆ."

"ಏನು?"

"ಎದೆ. ನಡೆದ್ರೆ ನನ್ನ ಎದೆ ನನಗೇ ಕೇಳಿಸುತ್ತೆ. ಅವತ್ತು ಕೋಟು ಹಿಡ್ಕೊಂಡು ರಸ್ತೇಲಿ ಕೂತಾಗ ಹೀಗೇ ಕೇಳಿಸಿತ್ತು. ಈಗ ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾಯ್ತಾ ಕೂತಿದ್ದೆ. ಅದಕ್ಕೇ ಅಂಗಡೀಲಿ ಕೆಲಸ ಇಲ್ದಿದ್ರೂ ಮಿಷನ್ ಓಡಿಸ್ತಾ ಇರ್ತೀನಿ. ಆ ಸದ್ದಲ್ಲಿ ಇದು ಕೇಳಿಸಲ್ಲ."

ಖಾಲಿ ಸೂಜಿ ನನ್ನ ಕಣ್ಣ ಮುಂದೆ ಬಂತು. ಮಿಷನ್ ಓಡಿಸಿದ್ದು ಮೊಟ್ಟೆಗಾಗಿ ಅಲ್ಲ. ಮೊಟ್ಟೆ ಅದರ ಜೊತೆಗೆ ಪುಕ್ಕಟೆ ಸಿಕ್ಕದ್ದು.

"ಮನೇಲಿ?" ಎಂದೆ.

"ಮನೇಲಿ ಮೊದಲು ನಿನ್ನ ಸದ್ದಿತ್ತು," ಎಂದರು. "ಈಗ ನೀನೂ ಬಾಯಿ ಬಿಡಲ್ಲ. ರಾತ್ರಿ ಮಲಗಿದ್ರೆ ಫ್ರಿಜ್ಜು, ಆಮೇಲೆ ಇದು. ಎರಡೇ."

ಇವರ ಜೀವ ಉಳಿಯಲೆಂದು ನುಂಗಿದ ಮಾತುಗಳೆಲ್ಲ ನೆನಪಾದವು. ಒಂದೊಂದು ಮಾತು ನುಂಗಿದಾಗಲೂ ಆ ಸದ್ದನ್ನು ನಾನೇ ಒಂದಿಷ್ಟು ಜೋರು ಮಾಡಿಕೊಟ್ಟಿದ್ದೆ. ಬಲಗಾಲು ಎಂದಿನಂತೆ ರಸ್ತೆಯನ್ನು ಒತ್ತುತ್ತಿತ್ತು. ಕೆಳಗೆ ಕಾರು ನಿಂತಿತ್ತು, ಮೇಲೆ ದಿಬ್ಬ. ನಾನು ಕಾಲು ಎತ್ತಿದೆ.

ಶುರು ಮಾಡಲು ಸ್ವಲ್ಪ ಕಷ್ಟವಾಯಿತು. ಬಹಳ ದಿನ ನಿಂತಿದ್ದ ಗಾಡಿಯ ಹಾಗೆ ಎರಡು ಸಲ ಕೆಮ್ಮಿದೆ.

"ಒಂದು ಸಲ ಹೇಳಿದ್ರೆ ನಿಮಗೆ ಅರ್ಥ ಆಗಲ್ವೇನ್ರೀ? ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಬಡ್ಕೊಂಡ್ರೂ ಕೇಳಲ್ಲ. ಮೊನ್ನೆನೂ ಹಾಕಿದ್ರಿ. ಅದರ ಹಿಂದಿನ ದಿನಾನೂ ಹಾಕಿದ್ರಿ. ನಾನೇನು ಈ ಮನೇಲಿ ಟವೆಲ್ ಎತ್ತೋಕೆ ಹುಟ್ಟಿದೀನಾ?"

ಇವರು ಬೆಚ್ಚಿ ನನ್ನನ್ನು ನೋಡಿದರು. ಕಂಬದಿಂದ ಕೈ ತೆಗೆದರು.

"ಇನ್ನೂ ಜೋರಾಗಿ," ಎಂದರು.

ಅದಕ್ಕೆ ನನಗೆ ಯಾರೂ ಎರಡು ಸಲ ಹೇಳಬೇಕಾಗಿಲ್ಲ. ಟವೆಲ್ಲು ಮುಗಿಯುವಷ್ಟರಲ್ಲಿ ಮೂರನೇ ಕಂಬ ದಾಟಿದ್ದೆವು. ಮಾತ್ರೆ ನುಂಗಿ ಲೋಟವನ್ನು ಕಿಟಕಿಯ ಮೇಲೆ ಮರೆಯುವುದು, ಫೋನ್ ಬಂದರೆ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಮಾತಾಡಿ ಅರ್ಧ ಊರಿಗೆ ತಪ್ಪು ದಿನ ಹೇಳುವುದು, ನನ್ನ ತಮ್ಮನ ಪ್ಯಾಂಟನ್ನು ಎರಡು ವರ್ಷ ಹೊಲಿಯದೆ ಇಟ್ಟು ಅವನು ದಪ್ಪಗಾದ ಮೇಲೆ ಕೊಟ್ಟದ್ದು, ಎಲ್ಲವನ್ನೂ ಎತ್ತಿಕೊಂಡೆ. ಎದುರಿನಿಂದ ಇಳಿದು ಬರುತ್ತಿದ್ದ ಒಂದು ಕಾರು ನನ್ನ ದನಿ ಕೇಳಿ ಗಕ್ಕನೆ ನಿಂತಿತು. ಹೋದ ವರ್ಷ ನನ್ನ ಹತ್ತಿರ ಕಲಿತ ಹುಡುಗಿ ಗಾಜು ಇಳಿಸಿ, "ಮೇಡಂ, ನಾನೇನು ತಪ್ಪು ಮಾಡಿದೆ?" ಎಂದು ಕೇಳಿದಳು. "ನಿನಗಲ್ಲಮ್ಮ, ನೀನು ಹೋಗು," ಎಂದೆ. ಅವಳು ಇಂಡಿಕೇಟರ್ ಹಾಕಿ, ಎರಡೂ ಕನ್ನಡಿ ನೋಡಿ, ಶಿಸ್ತಾಗಿ ಹೋದಳು.

ಡಾಕ್ಟರು ಹೇಳಿದ್ದನ್ನು ನಾನು ಮರೆತಿರಲಿಲ್ಲ. ಇವರು ಮಾತಾಡಬಲ್ಲರೋ ಇಲ್ಲವೋ ಆಗಾಗ ನೋಡಬೇಕಿತ್ತು. ಅದಕ್ಕೆ ಕೆಣಕಬೇಕಿತ್ತು.

"ಊರಿಗೆಲ್ಲ ಕೋಟು ಹೊಲಿದುಕೊಟ್ಟ ಗಂಡಸು ತನ್ನ ಮದುವೆಗೆ ತೋಳು ಗಿಡ್ಡ ಇರೋ ಕೋಟು ಹಾಕ್ಕೊಂಡು ಬಂದ್ರಿ. ಇವತ್ತಿಗೂ ಫೋಟೋದಲ್ಲಿ ಯಾರ ಹತ್ರಾನೋ ಏನೋ ಬೇಡ್ತಿರೋ ಹಾಗೆ ಕಾಣ್ತೀರಿ."

"ತೋಳು ಗಿಡ್ಡ ಅಲ್ಲ ಅದು. ಭುಜ ಹಿಡಿದಿತ್ತು, ಅದಕ್ಕೆ ತೋಳು ಮೇಲೆ ಬಂದಿತ್ತು."

"ಎದುರು ಮಾತಾಡ್ಬೇಡಿ!"

ಉಸಿರು ಸರಿಯಾಗಿತ್ತು. ಮುಖಕ್ಕೆ ಬಣ್ಣ ಬಂದಿತ್ತು. ಇಷ್ಟು ದಿನ ಪೆಡಲ್ ತುಳಿದ ಕಾಲುಗಳು ಏರನ್ನು ಏರೆಂದೇ ಎಣಿಸಲಿಲ್ಲ. ಏದುಸಿರು ಬಂದದ್ದು ನನಗೆ. ಜೀವಮಾನವಿಡೀ ಕಾರಿನಲ್ಲಿ ಕೂತವಳು ನಾನು, ಅದರ ಮೇಲೆ ಬೈಗುಳದ ಭಾರ ಬೇರೆ. ದಾರಿಯ ಬದಿಯ ಕಟ್ಟೆಗಳಲ್ಲಿ ಕೂತು ಕೂತು ಹತ್ತಿದೆವು. ಕೂತಲ್ಲೆಲ್ಲ ಇವರು ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು, ನಾನು ಬಾಯಿ ನಿಲ್ಲಿಸಿದರೆ ಮೊಣಕೈಯಿಂದ ತಿವಿಯುತ್ತಿದ್ದರು. ಮೊಬೈಲು ಜೇಬಿನಲ್ಲಿ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಇಬ್ಬರೂ ಅದನ್ನು ತೆಗೆದು ನೋಡಲಿಲ್ಲ.

ಟ್ಯಾಂಕು ಕಾಣಿಸಿದಾಗ ಮೇಲಿನಿಂದ ಮಗಳು ಕೂಗಿದಳು. "ಅಪ್ಪಾ, ಬೇಗ! ನೀಲಿ ಇನ್ನೂ ಇಲ್ಲೇ ಇದೆ! ಬೋನಸ್ ಮುಗೀತಾ ಬಂತು, ಓಡು!"

ಇವರು ಓಡಲಿಲ್ಲ. ನನ್ನನ್ನು ನೋಡಿದರು. ನಾನು ಏದುಸಿರು ಬಿಡುತ್ತ, "ಓಡಿದ್ರೆ ಕಾಲು ಮುರೀತೀನಿ," ಎಂದೆ. ಇಬ್ಬರೂ ಇದ್ದ ಗೇರಿನಲ್ಲೇ ಹೋದೆವು. ಮೇಲೆ ತಲುಪಿದಾಗ ಹಲ್ಲಿನ ಡಾಕ್ಟರು ನೀಲಿ ಹಿಡಿದ ಸಂತೋಷದಲ್ಲಿ ಪ್ಲಂಬರನ್ನು ತಬ್ಬಿಕೊಂಡಿದ್ದರು. ಪ್ಲಂಬರು ಎರಡು ಹಿಡಿದಿದ್ದರು. ಬೋನಸ್ ಮುಗಿದಿತ್ತು.

"ನಿಮ್ಮಿಂದಾಗಿಯೇ ಸಾರ್," ಎಂದು ಎಲ್ಲರೂ ಬಂದು ಇವರ ಕೈ ಕುಲುಕಿದರು. "ಹಿಂದೆ ನೀವಿದೀರಿ ಅನ್ನೋ ಧೈರ್ಯಕ್ಕೆ ನಾವು ಮುಂದೆ ಹೋದ್ವಿ. ಮೇಡಮ್ಮೋರ ದನಿ ಇಲ್ಲಿವರೆಗೂ ಕೇಳಿಸ್ತಿತ್ತು, ನೀವು ಎಲ್ಲಿದೀರಿ ಅಂತ ಗೊತ್ತಾಗ್ತಿತ್ತು."

ಮಗಳು ಅಪ್ಪನ ಜೇಬಿನಿಂದ ಮೊಬೈಲ್ ತೆಗೆದಳು. ಮೊಟ್ಟೆಗಳೆಲ್ಲ ಒಡೆದಿದ್ದವು. ಹೆಚ್ಚಿನವು ಪೋಸ್ಟ್‌ಮಾಸ್ಟರ ಕುಟುಂಬದವು. ಒಂದು ಮಾತ್ರ ಹೊಸದು, ಆದರೆ ವಿಶೇಷದ್ದೇನಲ್ಲ, ಮಗಳ ಪ್ರಕಾರ ಎಲ್ಲ ಬೀದಿಯಲ್ಲೂ ಬಿದ್ದಿರುತ್ತದೆ. ಕೈಕಾಲು ಇದ್ದೂ ಇಲ್ಲದ ಹಾಗೆ, ಮೈಯೆಲ್ಲ ಬಾಯಿ. ಇವರು ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಒಂದೇ ಬೆರಳಿನಿಂದ ನಿಧಾನವಾಗಿ ಒತ್ತಿ ಒತ್ತಿ ಅದಕ್ಕೆ ನನ್ನ ಹೆಸರಿಟ್ಟರು.

ಗುಂಪು ಚಹಾ ಕುಡಿಯಲು ಹೋಯಿತು, ಮಗಳೂ ಹೋದಳು. ನಾವಿಬ್ಬರು ಇಳಿಯತೊಡಗಿದೆವು. ನನ್ನ ಗಂಟಲು ಕಟ್ಟಿಹೋಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಬೈಯಲು ಇದ್ದದ್ದೆಲ್ಲ ಏರಿನಲ್ಲೇ ಖರ್ಚಾಗಿತ್ತು. ಸುಮ್ಮನೆ ನಡೆದೆ. ರಸ್ತೆಯಲ್ಲಿ ಗಾಡಿಯೂ ಇರಲಿಲ್ಲ. ಒಂದು ಕಂಬ ದಾಟಿತು, ಇನ್ನೊಂದು ದಾಟಿತು. ಇವರ ಕೈ ಎದೆಯ ಮೇಲೆ ಹೋದದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ನಿಲ್ಲುತ್ತಾರೆ ಎಂದುಕೊಂಡೆ. ನಿಲ್ಲಲಿಲ್ಲ.

"ಕೇಳಿಸ್ತಿದೆಯಾ?" ಎಂದೆ, ಉಳಿದ ದನಿಯಲ್ಲಿ.

"ಕೇಳಿಸ್ತಿದೆ," ಎಂದರು. ಇನ್ನೂ ಒಂದಷ್ಟು ದೂರ ನಡೆದರು, ಕಿವಿಗೊಟ್ಟು, ಮಿಷನ್ ರಿಪೇರಿಯಾಗಿ ಬಂದಾಗ ಕೇಳುವ ಹಾಗೆ. "ಹೊಲಿಗೆ ತಪ್ಪಿಲ್ಲ."

ನನ್ನ ಕಣ್ಣು ತುಂಬಿ ಬಂತು. ಅದನ್ನು ಇವರು ನೋಡುವುದು ನನಗೆ ಬೇಕಿರಲಿಲ್ಲ. ಅದೃಷ್ಟಕ್ಕೆ ಒಂದು ಬೈಗುಳ ಇನ್ನೂ ಉಳಿದಿತ್ತು. ಎಲ್ಲಕ್ಕಿಂತ ದೊಡ್ಡದು, ಶನಿವಾರದಿಂದ ಕೈ ಹಚ್ಚದೆ ಇಟ್ಟುಕೊಂಡದ್ದು. ಕೆಳಗೆ ಕಾರು ಕಾಣುತ್ತಿತ್ತು. ಮನೆಯವರೆಗೆ ನಡೆದೇ ಹೋದರೆ ಆ ಬೈಗುಳವೊಂದು ದಾರಿಯುದ್ದಕ್ಕೂ ಸಾಕಾಗುತ್ತದೆ ಎಂದು ಲೆಕ್ಕ ಹಾಕಿದೆ. ಕಾರನ್ನು ದಾಟಿ ಮುಂದೆ ನಡೆದೆ. ಇವರೂ ಏನೂ ಕೇಳದೆ ಜೊತೆಗೆ ಬಂದರು.

"ಅಲ್ಲಾ ರೀ," ಎಂದು ಶುರು ಮಾಡಿದೆ, "ಆ ಎಲಾಸ್ಟಿಕ್ಕು ಯಾರ ಪ್ಯಾಂಟಿಂದು?"